ಒಂದು ಇಂಚು ಎಲ್ಲಿ ಸೋರಿತು: ನನ್ನ ಆರ್-22 ಹೆಲಿಕಾಪ್ಟರಿನ ರಿಪೇರಿ ದಿನಚರಿ

ಮೀಟರ್ 1412.6 (ಹಾರಿದ ಗಂಟೆಗಳ ಲೆಕ್ಕ)

ಬೆಳಿಗ್ಗೆ ಬೆಟ್ಟದ ಮೇಲಿನ ಪ್ಯಾಡಿಗೆ, 6000 ಅಡಿ ಎತ್ತರದಲ್ಲಿ ಹೆಲಿಕಾಪ್ಟರ್ ಇಳಿಸುವ ಕಟ್ಟೆಗೆ, ಒಬ್ಬನೇ ಹೋಗಿ ಬಂದೆ. ಇಳಿಯುವಾಗ ತೊಂದರೆಯಾಗಲಿಲ್ಲ, ಏರುವಾಗಲೂ ಇಲ್ಲ. ಆದರೆ ನೆಲದಿಂದ ಎರಡಡಿ ಮೇಲೆ ಅಲುಗದೆ ನಿಂತು (ಇದೇ ಹೋವರ್) ಮ್ಯಾನಿಫೋಲ್ಡ್ ಒತ್ತಡದ ಗೇಜ್ ನೋಡಿದರೆ ಮುಳ್ಳು 21.3 ಇಂಚಿನಲ್ಲಿತ್ತು. ಹೋದ ವರ್ಷವೂ ಇದೇ ಪ್ಯಾಡ್, ಇದೇ ತೂಕ, ಇದೇ 21 ಡಿಗ್ರಿ ಬಿಸಿ, ಗಾಳಿಯಿಲ್ಲದ ಇಂಥದೇ ಬೆಳಗು. ಆಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು 20.4.

0.9 ಇಂಚಿನ ವ್ಯತ್ಯಾಸ. ಬಯಲುಸೀಮೆಯಲ್ಲಿ ಹಾರಿಸುವವರು ಇದನ್ನು ಗಮನಿಸುವುದೂ ಇಲ್ಲ, ಅಲ್ಲಿ ಗಮನಿಸಬೇಕಾದ ಅಗತ್ಯವೂ ಅಷ್ಟಿಲ್ಲ. ಬೆಟ್ಟದಲ್ಲಿ ಹಾಗಲ್ಲ. ಎಂಜಿನ್ನಿಗೆ ಹೋಗುವ ಗಾಳಿ ಕೊಳವೆಯೊಳಗೆ ಎಷ್ಟು ಒತ್ತಡದಲ್ಲಿದೆ ಎಂಬುದನ್ನು ಈ ಗೇಜ್ ಪಾದರಸದ ಇಂಚುಗಳಲ್ಲಿ ತೋರಿಸುತ್ತದೆ. ಕಲೆಕ್ಟಿವ್ (ಬ್ಲೇಡುಗಳ ಕೋನವನ್ನು ಒಟ್ಟಿಗೆ ಬದಲಿಸಿ ಯಂತ್ರವನ್ನು ಮೇಲೆತ್ತುವ ಹಿಡಿ) ಎತ್ತಿದಷ್ಟೂ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತೆರೆದುಕೊಳ್ಳುತ್ತದೆ, ಮುಳ್ಳು ಮೇಲೇರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ ಸಿಗಲಾರದು. ಆ ಒತ್ತಡ ಸಮುದ್ರ ಮಟ್ಟದಲ್ಲಿ 29.92 ಇಂಚು ಇದ್ದರೆ 6000 ಅಡಿಯಲ್ಲಿ ಸುಮಾರು 24. ಫಿಲ್ಟರ್, ಕಾರ್ಬ್ಯುರೇಟರ್ ದಾಟುವಷ್ಟರಲ್ಲಿ ಇನ್ನಷ್ಟು ಕರಗಿ, ಮೇಲಿನ ಪ್ಯಾಡಿನಲ್ಲಿ ಥ್ರಾಟಲ್ ಪೂರ್ತಿ ತೆರೆದರೂ ನನಗೆ ಸಿಗುವುದು 23. ಒಬ್ಬನೇ ಇದ್ದಾಗ 21.3 ಸಾಕು. ಆದರೆ ಪಕ್ಕದ ಸೀಟಿನಲ್ಲಿ ಇನ್ನೊಬ್ಬರು ಕೂತಾಗ ಹೋದ ವರ್ಷ ಬೇಕಾಗಿದ್ದದ್ದು 22.1. ಅದಕ್ಕೆ ಈಗಿನ 0.9 ಸೇರಿಸಿದರೆ 23. ಕೈಯಲ್ಲಿ ಉಳಿಯುವುದು ಸೊನ್ನೆ.

ಸೊನ್ನೆ ಅಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕು. ಥ್ರಾಟಲ್ ಪೂರ್ತಿ ತೆರೆದಾದ ಮೇಲೆ ರೋಟರಿನ ವೇಗವನ್ನು ತಾನಾಗಿ ಕಾಯುವ ಗವರ್ನರ್ ಕೈಚೆಲ್ಲುತ್ತದೆ. ಅಲ್ಲಿಂದ ಮುಂದೆ ಕಲೆಕ್ಟಿವ್ ಎತ್ತಿದರೆ ಬ್ಲೇಡುಗಳ ಕೋನ ಹೆಚ್ಚಿ ರೋಟರ್ ನಿಧಾನವಾಗುತ್ತದೆ. ಅದರ ವೇಗ ಮಾಮೂಲಿ 104%ನಿಂದ 97%ಗೆ ಇಳಿದಾಗ ಹಾರ್ನ್ ಕೂಗುತ್ತದೆ. ರೋಟರ್ ಪೂರ್ತಿ ಸ್ಟಾಲ್ ಆಗುವ, ಅಂದರೆ ಎತ್ತುವ ಬಲ ಕಳೆದುಕೊಳ್ಳುವ ಅಂಚನ್ನು ರಾಬಿನ್‌ಸನ್ ಪೈಲಟ್‌ಗಳು ಲೆಕ್ಕ ಹಾಕುವುದು ಹೀಗೆ: 80%, ಅದರ ಮೇಲೆ ಪ್ರತಿ 1000 ಅಡಿಗೆ ಒಂದೊಂದು. ಬಿಸಿ ಗಾಳಿ ತೆಳುವಾದ್ದರಿಂದ ಇಲ್ಲಿ ಬಿಸಿಯೂ ಎತ್ತರವೇ. 6000 ಅಡಿಯಲ್ಲಿ ಗಾಳಿ 3 ಡಿಗ್ರಿ ಇರಬೇಕಾದದ್ದು ಲೆಕ್ಕ. 21 ಇದ್ದರೆ 18 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿಯಂತೆ 2160 ಅಡಿ. ಹೆಲಿಕಾಪ್ಟರಿನ ಪಾಲಿಗೆ ಆ ಪ್ಯಾಡ್ ಇರುವುದು 8160 ಅಡಿಯಲ್ಲಿ, ಆ ಅಂಚು ಸುಮಾರು 88%ನಲ್ಲಿ.

ಮುಂದಿನ ತಿಂಗಳು ಒಬ್ಬರನ್ನು ಅಲ್ಲಿಗೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದೇನೆ. ಈ ಒಂದು ಇಂಚು ಎಲ್ಲಿ ಹೋಯಿತು ಎಂದು ಗೊತ್ತಾಗುವವರೆಗೆ ಆ ಸೀಟು ಖಾಲಿ.

ಅದೇ ದಿನ, ಹ್ಯಾಂಗರಿನಲ್ಲಿ

ಮೊದಲು ಗೇಜ್ ಸುಳ್ಳು ಹೇಳುತ್ತಿದೆಯೇ ನೋಡಿದೆ. ಎಂಜಿನ್ ನಿಂತಿರುವಾಗ ಅದು ಸುಮ್ಮನೆ ಒಂದು ಬ್ಯಾರೋಮೀಟರ್. ಎತ್ತರ ತೋರಿಸುವ ಆಲ್ಟಿಮೀಟರನ್ನು 29.92ಕ್ಕೆ ಇಟ್ಟರೆ 4000 ಅಡಿ ತೋರಿಸಿತು. ಅಷ್ಟು ಎತ್ತರದ ಒತ್ತಡ 25.84 ಇಂಚು ಇರಬೇಕು, ಗೇಜಿನಲ್ಲಿ 25.8. ಗೇಜ್ ಸರಿಯಿದೆ.

ಆಮೇಲೆ ಏರ್ ಫಿಲ್ಟರ್ ಕಡೆ ಕೈ ಹೋಯಿತು, ಅರ್ಧದಲ್ಲೇ ನಿಲ್ಲಿಸಿದೆ. ಬೇಕಾಗುವ ಇಂಚು ಬೇರೆ, ಸಿಗುವ ಇಂಚು ಬೇರೆ. ಫಿಲ್ಟರ್ ಕಟ್ಟಿಕೊಂಡರೆ ಸಿಗುವ ಇಂಚು ಕಡಿಮೆಯಾಗುತ್ತದೆ, ಪೂರ್ತಿ ಥ್ರಾಟಲ್‌ಗೆ 23ರ ಬದಲು 22.5 ಬರುತ್ತದೆ. ಹೋವರ್ ನಿಲ್ಲಲು ಬೇಕಾಗುವ ಇಂಚು ಅದರಿಂದ ಹೆಚ್ಚಾಗುವುದಿಲ್ಲ. ನನ್ನಲ್ಲಿ ಹೆಚ್ಚಾಗಿರುವುದು ಬೇಕಾಗುವ ಇಂಚು. ಅದಕ್ಕೆ ಎರಡೇ ದಾರಿ: ಒಂದೋ ರೋಟರ್ ಹೆಚ್ಚು ಶಕ್ತಿ ಕೇಳುತ್ತಿದೆ, ಇಲ್ಲವೇ ಅಷ್ಟೇ ಗಾಳಿಯಲ್ಲಿ ಎಂಜಿನ್ ಕಡಿಮೆ ಶಕ್ತಿ ಕೊಡುತ್ತಿದೆ. ಈ ಒಂದು ಭೇದ ಸ್ಪಷ್ಟವಾದದ್ದಕ್ಕೆ ವಾರಗಟ್ಟಲೆ ಕೆಲಸ ಉಳಿಯಿತು ಎಂದು ಈಗ ಅನಿಸುತ್ತದೆ.

ಯಂತ್ರದ ಬಗ್ಗೆ ಎರಡು ಮಾತು. ಇದು ರಾಬಿನ್‌ಸನ್ ಆರ್-22 ಬೀಟಾ 2. ಫ್ರಾಂಕ್ ರಾಬಿನ್‌ಸನ್ 1973ರಲ್ಲಿ ಕಂಪನಿ ಶುರುಮಾಡಿ, 1975ರಲ್ಲಿ ಮೊದಲ ಆರ್-22 ಹಾರಿಸಿ, 1979ರಲ್ಲಿ ಅದಕ್ಕೆ ಪ್ರಮಾಣಪತ್ರ ಪಡೆದರು. ಎರಡೇ ಸೀಟು, ಎರಡೇ ಬ್ಲೇಡು, ಗರಿಷ್ಠ ತೂಕ 1370 ಪೌಂಡು, ಅಂದರೆ 622 ಕೆಜಿ. ಎಂಜಿನ್ ನಾಲ್ಕು ಸಿಲಿಂಡರಿನ ಲೈಕಾಮಿಂಗ್ ಓ-360. ಅದರ ಪೂರ್ತಿ ಶಕ್ತಿಯನ್ನು ಬಳಸದೆ ಐದು ನಿಮಿಷಕ್ಕೆ 131 ಅಶ್ವಶಕ್ತಿ, ನಿರಂತರವಾಗಿ 124 ಎಂದು ಮಿತಿ ಹಾಕಿದ್ದಾರೆ. ಎತ್ತರಕ್ಕೆ ಹೋದಾಗ ಇದೇ ವರದಾನ: ಕೆಳಗೆ ಬಳಸದೆ ಉಳಿದ ಶಕ್ತಿ ಮೇಲೆ ಕೈಹಿಡಿಯುತ್ತದೆ. ಆದರೆ ಆರೇಳು ಸಾವಿರ ಅಡಿಯ ಹೊತ್ತಿಗೆ ಆ ಉಳಿತಾಯವೂ ಮುಗಿದಿರುತ್ತದೆ.

ಯಾವ ಕೆಲಸವನ್ನು ಮಾಲೀಕ ಮುಟ್ಟಬಹುದು ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ಆಯಿಲ್ ಬದಲಿಸುವುದು, ಸ್ಪಾರ್ಕ್ ಪ್ಲಗ್ ಸ್ವಚ್ಛ ಮಾಡುವುದು ಹಲವು ಕಡೆ ಪೈಲಟ್‌ಗೇ ಬಿಟ್ಟ ಕೆಲಸ. ಸಿಲಿಂಡರ್, ರೋಟರ್, ಕಂಟ್ರೋಲ್‌ಗಳು ಪರವಾನಗಿ ಇರುವ ಎಂಜಿನಿಯರ್‌ಗೆ ಸೇರಿದ್ದು. ಇಲ್ಲಿ ಬರೆದಿರುವ ದೊಡ್ಡ ಕೆಲಸಗಳಲ್ಲಿ ನಾನು ಅವರ ಕೈಕೆಳಗಿನ ಆಳು. ಸಹಿ ಅವರದು.

ಮೀಟರ್ 1413.1

ದುಬಾರಿ ಅನುಮಾನಗಳಿಗೆ ಮುಂಚೆ ಅಗ್ಗದವು. ಏಣಿ ಹಾಕಿ ಮುಖ್ಯ ಬ್ಲೇಡುಗಳ ಮುಂಚೂಣಿ ಅಂಚಿನ ಮೇಲೆ ಬೆರಳಾಡಿಸಿದೆ. ತುದಿಯಿಂದ ಮೂರಡಿ ಒಳಗಿನವರೆಗೆ ಒಣಗಿದ ಹುಳುಗಳು ಉಪ್ಪುಕಾಗದದಂತೆ ಅಂಟಿಕೊಂಡಿದ್ದವು. ತುದಿಯ ಹತ್ತಿರ ಬಣ್ಣವೂ ಸವೆದಿತ್ತು. ಬ್ಲೇಡಿನ ತುದಿ ಸೆಕೆಂಡಿಗೆ ಇನ್ನೂರು ಮೀಟರಿಗಿಂತ ಹೆಚ್ಚು ವೇಗದಲ್ಲಿ ಸುತ್ತುವಾಗ ಅಂಥ ಒರಟಿಗೆ ದಂಡ ಕಟ್ಟಲೇಬೇಕು.

ಮೃದು ಸೋಪಿನ ನೀರು, ಹತ್ತಿ ಬಟ್ಟೆ, ಎರಡು ಗಂಟೆ. ಪ್ರೆಷರ್ ವಾಷರ್ ಹತ್ತಿರಕ್ಕೂ ತರಬಾರದು. ಬ್ಲೇಡಿನ ಲೋಹದ ಹಾಳೆ ಅದರ ಬೆನ್ನೆಲುಬಾದ ಸ್ಪಾರ್‌ಗೆ ಅಂಟಿನಿಂದ ಕೂತಿರುತ್ತದೆ. ಆ ಅಂಟಿನ ಗೆರೆ ಹೊರಗೆ ಕಾಣುವಷ್ಟು ಬಣ್ಣ ಸವೆದಿದೆಯೇ ಎಂದು ಎಂಜಿನಿಯರ್ ಕನ್ನಡಕ ಹಾಕಿ ನೋಡಿದರು, ನಾಣ್ಯದಿಂದ ಗೆರೆಯುದ್ದಕ್ಕೂ ತಟ್ಟಿದರು. ಎಲ್ಲೆಡೆ ಒಂದೇ ಗಟ್ಟಿ ಸದ್ದು. ಎಲ್ಲಾದರೂ ಟೊಳ್ಳು ಸದ್ದು ಬಂದಿದ್ದರೆ ಈ ದಿನಚರಿ ಅಲ್ಲಿಗೇ ಮುಗಿಯುತ್ತಿತ್ತು. ಸವೆದ ಜಾಗಕ್ಕೆ ಅವರೇ ಬಣ್ಣ ಕೊಟ್ಟರು.

ಅಳೆಯುವ ಕ್ರಮವನ್ನೂ ಇಲ್ಲೇ ಗಟ್ಟಿ ಮಾಡಿಕೊಂಡೆ. ಅದೇ ಕಾಂಕ್ರೀಟ್, ಸ್ಕಿಡ್ (ಚಕ್ರದ ಬದಲಿಗಿರುವ ಕಾಲು) ನೆಲದಿಂದ ಎರಡಡಿ, ಸೂರ್ಯ ಮೇಲೇರುವ ಮುಂಚೆ. ಗಾಳಿಚೀಲ ಪೂರ್ತಿ ಜೋತುಬಿದ್ದಿರಬೇಕು: ಹತ್ತು ನಾಟ್ ಎದುರುಗಾಳಿ ಇದ್ದರೂ ರೋಟರಿಗೆ ಬೇಕಾಗುವ ಶಕ್ತಿ ಎದ್ದು ಕಾಣುವಷ್ಟು ಇಳಿಯುತ್ತದೆ, ಲೆಕ್ಕ ಕೆಡುತ್ತದೆ. ಹುಲ್ಲಿನ ಮೇಲೆ ನಿಂತ ಅಂಕಿಯನ್ನು ಕಾಂಕ್ರೀಟಿನ ಅಂಕಿಯ ಜೊತೆ ಹೋಲಿಸಬಾರದು. ಐದು ಸಲ ನಿಂತು ಐದು ಅಂಕಿ ಬರೆದು ಸರಾಸರಿ ತೆಗೆಯಬೇಕು, ಏಕೆಂದರೆ ಮುಳ್ಳಿನ ದಪ್ಪವೇ 0.1 ಇಂಚು.

ಮೇಲಿನ ಪ್ಯಾಡಿನ ಲೆಕ್ಕಕ್ಕೆ ಇಳಿಸಿ ನೋಡಿದರೆ 21.1. ಹುಳುಗಳು ತಿಂದದ್ದು 0.2.

ಮೀಟರ್ 1413.9

ಎರಡನೇ ಸೋರಿಕೆ ನೋಟ್‌ಬುಕ್ಕಿನಲ್ಲೇ ಕೂತಿತ್ತು, ನಾನು ನೋಡಿರಲಿಲ್ಲ. ಹೊರಗಿನ ಉಷ್ಣಾಂಶದ ಪಕ್ಕದ ಕಾಲಂನಲ್ಲಿ ಕಾರ್ಬ್ಯುರೇಟರ್ ಗಾಳಿಯ ಉಷ್ಣಾಂಶ ಬರೆದಿಡುವ ಅಭ್ಯಾಸ ನನ್ನದು. ಹೋದ ವರ್ಷಕ್ಕಿಂತ ಈಗ, ಹೊರಗೆ ಅದೇ ಬಿಸಿಯಿದ್ದರೂ, ಆ ಅಂಕಿ 7 ಡಿಗ್ರಿ ಹೆಚ್ಚು.

ಕಾರ್ಬ್ ಹೀಟ್, ಅಂದರೆ ಕಾರ್ಬ್ಯುರೇಟರಿಗೆ ಬಿಸಿಗಾಳಿ ಕೊಡುವ ಏರ್ಪಾಡು, ಇಲ್ಲದೆ ಈ ಯಂತ್ರ ಹಾರಿಸುವ ಹಾಗಿಲ್ಲ. ಕಾರ್ಬ್ಯುರೇಟರಿನ ಗಂಟಲಲ್ಲಿ ಗಾಳಿ ಹಿಗ್ಗಿ, ಪೆಟ್ರೋಲ್ ಆವಿಯಾಗಿ ತಣ್ಣಗಾದಾಗ, ಹೊರಗೆ ಹಿತವಾದ ಬಿಸಿಲಿದ್ದರೂ ತೇವದ ಗಾಳಿ ಒಳಗೆ ಮಂಜುಗಡ್ಡೆಯಾಗಬಲ್ಲದು. ಮೋಡ ಮುಟ್ಟುವ ಬೆಟ್ಟದಲ್ಲಿ ಇದು ದಿನನಿತ್ಯದ ಭಯ. ಗವರ್ನರ್ ತಾನೇ ಥ್ರಾಟಲ್ ತೆರೆಯುತ್ತಾ ಹೋಗುವುದರಿಂದ ಮಂಜು ಕಟ್ಟುತ್ತಿರುವುದು ಪೈಲಟ್‌ಗೆ ತಿಳಿಯುವುದೂ ಇಲ್ಲ. ಅದಕ್ಕೇ ಬೀಟಾ 2ರಲ್ಲಿ ಕಲೆಕ್ಟಿವ್ ಇಳಿಸಿದಾಗ ಬಿಸಿಗಾಳಿ ತಾನಾಗಿ ಹೆಚ್ಚುವ, ಎತ್ತಿದಾಗ ಕಡಿಮೆಯಾಗುವ ಜೋಡಣೆ ಇದೆ. ಒಳ್ಳೆಯ ಜೋಡಣೆ. ಆದರೆ ಕಾರ್ಬ್ ಹೀಟಿನ ಹಿಡಿಯನ್ನು ಪೂರ್ತಿ ಒಳಗೆ ತಳ್ಳಿದಾಗಲಾದರೂ ಬಿಸಿಗಾಳಿ ಬಿಡುವ ಏರ್‌ಬಾಕ್ಸಿನ ಕವಾಟ ಪೂರ್ತಿ ಮುಚ್ಚಬೇಕಲ್ಲ? ಟಾರ್ಚ್ ಹಿಡಿದು ನೋಡಿದರೆ ನನ್ನದು ಬೆರಳಿನ ಉಗುರಿನಷ್ಟು ತೆರೆದೇ ಇತ್ತು. ಹಿಂದೊಮ್ಮೆ ಕೇಬಲ್ ಬಿಚ್ಚಿ ಕಟ್ಟಿದ ಕೈ ಅದರ ಉದ್ದವನ್ನು ಕೂದಲೆಳೆಯಷ್ಟು ತಪ್ಪಿಸಿತ್ತು.

ಒಳಬರುವ ಗಾಳಿ ಆರು ಡಿಗ್ರಿ ಬಿಸಿಯಾದರೆ ಶಕ್ತಿ ಸುಮಾರು 1% ಇಳಿಯುತ್ತದೆ. ಮುಳ್ಳು ಅದೇ ಇಂಚು ತೋರಿಸುತ್ತದೆ, ಆದರೆ ಆ ಇಂಚಿನೊಳಗೆ ಗಾಳಿ ಕಡಿಮೆ. ಎಂಜಿನಿಯರ್ ಕೇಬಲ್ ಸರಿಪಡಿಸಿ, ಹಿಡಿ ತುದಿ ಮುಟ್ಟುವ ಮುಂಚೆಯೇ ಕವಾಟ ಕೂರುವಂತೆ ಮಾಡಿದರು. ಮರುದಿನ ಬೆಳಿಗ್ಗೆ ಐದು ಹೋವರ್, ಸರಾಸರಿ 20.9.

ಇನ್ನೂ ಅರ್ಧ ಇಂಚು ಬಾಕಿ.

ಇಲ್ಲಿ ನಿಲ್ಲಿಸಿಬಿಡುವ ಆಸೆ ಬಂದಿತ್ತು, ಅದನ್ನೂ ಬರೆದಿಡುತ್ತೇನೆ. ಎರಡು ತಪ್ಪು ಸಿಕ್ಕಿವೆ, ಅರ್ಧಕ್ಕಿಂತ ಸ್ವಲ್ಪ ಕಡಿಮೆ ವಾಪಸ್ ಬಂದಿದೆ, ಎಂಜಿನ್ನಿಗೆ ವಯಸ್ಸಾಗಿದೆ, ಉಳಿದದ್ದು ವಯಸ್ಸಿನ ಪಾಲು ಎಂದುಕೊಳ್ಳಬಹುದಿತ್ತು. ಪ್ಲಗ್‌ಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳ ಪರೀಕ್ಷೆಯೂ ಚೆನ್ನಾಗೇ ಇತ್ತು: 75%ನಲ್ಲಿ ಒಂದೊಂದನ್ನೇ ಆರಿಸಿದರೆ ಇಳಿತ 7%ರ ಮಿತಿಯೊಳಗೆ. ಸಿಲಿಂಡರ್ ಉಷ್ಣಾಂಶದ ಗೇಜ್ ಹಸಿರಿನಲ್ಲಿ. ಆದರೆ ಆ ಗೇಜಿನ ಪ್ರೋಬ್ ಇರುವುದು ಒಂದೇ ಸಿಲಿಂಡರಿನಲ್ಲಿ. ಉಳಿದ ಮೂರರ ಸುದ್ದಿ ಅದಕ್ಕೆ ಗೊತ್ತಿಲ್ಲ.

ಮೀಟರ್ 1414.3

ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿಯಿರುವಾಗಲೇ ಮಾಡಬೇಕು. ಕ್ಲಚ್ ಬಿಡಿಸಿದ್ದರಿಂದ ಬೆಲ್ಟ್‌ಗಳು ಸಡಿಲ, ಎಂಜಿನ್ ತಿರುಗಿಸಿದರೂ ರೋಟರ್ ಅಲುಗುವುದಿಲ್ಲ. ಒಂದೊಂದೇ ಸಿಲಿಂಡರನ್ನು ಕಂಪ್ರೆಷನ್ನಿನ ತುತ್ತತುದಿಗೆ ತಂದು, ಪ್ಲಗ್ಗಿನ ರಂಧ್ರದಿಂದ 80 ಪಿಎಸ್‌ಐ ಒತ್ತಡದ ಗಾಳಿ ಕೊಡುವುದು. ಎರಡನೇ ಗೇಜಿನಲ್ಲಿ ಎಷ್ಟು ಉಳಿಯಿತು ನೋಡುವುದು. ಗಾಳಿ ಬಿಡುವಾಗ ಪಿಸ್ಟನ್ ಕೂದಲೆಳೆ ಆಚೀಚೆ ಇದ್ದರೂ ಎಂಜಿನ್ ಹಠಾತ್ತನೆ ಒದೆಯುತ್ತದೆ, ಕೈ ಮುರಿಯುವಷ್ಟು. ಸ್ಟಾರ್ಟರ್ ರಿಂಗ್ ಗೇರಿಗೆ ಹಿಡಿದ ಉದ್ದ ಹಿಡಿಕೆ ನನ್ನ ಪಾಲಿಗೆ ಬಂತು. "ಬಿಡಬೇಡಿ, ನಾನು ಹೇಳೋವರೆಗೂ ಬಿಡಬೇಡಿ" ಎಂದು ಎಂಜಿನಿಯರ್ ಪ್ರತಿ ಸಲವೂ ಹೇಳಿದರು.

ಒಂದನೆಯದು 76. ಎರಡು, 75. ನಾಲ್ಕು, 77. ಮೂರನೆಯದು 54.

ಮೂವರು ಎಪ್ಪತ್ತರ ಮೇಲೆ, ಒಬ್ಬ ಅರವತ್ತಕ್ಕೂ ಕೆಳಗೆ. ಒಂದೇ ಓದಿನ ಮೇಲೆ ತೀರ್ಪು ಕೊಡಬಾರದು, ವಾಲ್ವಿನ ಅಡಿ ಒಂದು ಚೂರು ಮಸಿ ಸಿಕ್ಕಿಕೊಂಡರೂ ಹೀಗೆ ತೋರಿಸುತ್ತದೆ. ಮತ್ತೆ ಎಂಜಿನ್ ಓಡಿಸಿ ಬಿಸಿಮಾಡಿ ನೋಡಿದೆವು: 56. ಆಮೇಲೆ ಕಿವಿಯ ಕೆಲಸ. ಗಾಳಿ ಎಲ್ಲಿಂದ ಸುಯ್ ಎನ್ನುತ್ತದೆಯೋ ಅಲ್ಲಿದೆ ಕಾಯಿಲೆ. ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿಸಿದರೆ ಪಿಸ್ಟನ್ ರಿಂಗ್, ಕಾರ್ಬ್ಯುರೇಟರಿನಲ್ಲಿ ಕೇಳಿಸಿದರೆ ಇನ್‌ಟೇಕ್ ವಾಲ್ವ್. ನಮಗೆ ಕೇಳಿಸಿದ್ದು ಎಕ್ಸಾಸ್ಟ್ ಪೈಪಿನಲ್ಲಿ, ನೆಲದ ಮೇಲೆ ಕೂತು ಕಿವಿಯಿಟ್ಟರೆ ಹಾವಿನ ಬುಸುಗುಟ್ಟುವಿಕೆಯಂತೆ.

ಪ್ಲಗ್ಗಿನ ರಂಧ್ರದಲ್ಲಿ ಬೋರ್‌ಸ್ಕೋಪ್, ಅಂದರೆ ತೆಳು ಕ್ಯಾಮೆರಾ, ಇಳಿಸಿದರು. ಆರೋಗ್ಯವಾಗಿರುವ ಎಕ್ಸಾಸ್ಟ್ ವಾಲ್ವಿನ ಮುಖದಲ್ಲಿ ಬಣ್ಣಗಳು ನಡುವಿನಿಂದ ಸುತ್ತಲೂ ಒಂದೇ ಸಮನಾಗಿ ಉಂಗುರಗಳಂತೆ ಹರಡಿರುತ್ತವೆ. ಮೂರನೆಯದರಲ್ಲಿ ಒಂದು ಪಕ್ಕದ ಅಂಚಿನಲ್ಲಿ ಮಾತ್ರ ಅರ್ಧಚಂದ್ರದ ಹಾಗೆ ಬಿಳಿಚಿದ ಗುರುತು. ಕೆಂಪಗೆ ಕಾಯುವ ಆ ವಾಲ್ವ್ ತನ್ನ ಬಿಸಿಯ ದೊಡ್ಡ ಪಾಲನ್ನು ಸಿಲಿಂಡರಿಗೆ ದಾಟಿಸುವುದು ಮುಚ್ಚಿಕೊಂಡು ಸೀಟಿಗೆ ತಾಗಿದ ಕ್ಷಣದಲ್ಲಿ. ಎಲ್ಲಿ ತಾಗುವುದಿಲ್ಲವೋ ಅಲ್ಲಿ ಬಿಸಿ ಉಳಿಯುತ್ತದೆ, ಬಿಸಿ ಉಳಿದಲ್ಲಿ ಅಂಚು ಸುಡುತ್ತದೆ, ಸುಟ್ಟ ಅಂಚು ಇನ್ನಷ್ಟು ಸೋರುತ್ತದೆ. ಬಿಟ್ಟಿದ್ದರೆ ಒಂದು ದಿನ ಒಂದು ತುಂಡು ಎದ್ದು ಹೋಗುತ್ತಿತ್ತು. ಮ್ಯಾಗ್ನೆಟೊ ಪರೀಕ್ಷೆ ಇದನ್ನು ಹಿಡಿಯಲಾರದು, ಕಿಡಿ ಸರಿಯಾಗೇ ಇದೆಯಲ್ಲ.

ಸಿಲಿಂಡರ್ ಬಿಚ್ಚದೆ ಇದ್ದಲ್ಲೇ ವಾಲ್ವನ್ನು ಉಜ್ಜಿ ಕೂರಿಸುವ ಉಪಾಯವೂ ಇದೆ. ಮೊದಲು ರಾಕರ್ ತೆಗೆದು ವಾಲ್ವಿನ ದಂಡ ಅದನ್ನು ನೇರವಾಗಿ ಹಿಡಿದಿಡುವ ಕೊಳವೆಯಾದ ಗೈಡಿನೊಳಗೆ ಎಷ್ಟು ಓಲಾಡುತ್ತದೆ ಎಂದು ಡಯಲ್ ಗೇಜ್ ಇಟ್ಟು ಅಳೆದೆವು. ಮಿತಿ ದಾಟಿತ್ತು. ಗೈಡ್ ಸವೆದಿದ್ದರೆ ಉಜ್ಜಿದ ವಾಲ್ವ್ ಮತ್ತೆ ಓರೆಯಾಗೇ ಕೂರುತ್ತದೆ. ಸಿಲಿಂಡರ್ ಇಳಿಸುವುದೇ ಸರಿ.

ಬಿಚ್ಚಿದ ದಿನ

ಕೂಲಿಂಗ್ ಪ್ಯಾನೆಲ್‌ಗಳನ್ನು ಬಿಚ್ಚುವುದೇ ಅರ್ಧ ದಿನ. ಹೆಲಿಕಾಪ್ಟರಿನ ಎಂಜಿನ್ನಿಗೆ ವಿಮಾನದ ಹಾಗೆ ಮುಂದಿನಿಂದ ಗಾಳಿ ಬೀಸುವುದಿಲ್ಲ. ಹಿಂದಿನ ಫ್ಯಾನ್ ನೂಕಿದ ಗಾಳಿಯನ್ನು ಈ ಪ್ಯಾನೆಲ್‌ಗಳು ಸಿಲಿಂಡರಿನ ರೆಕ್ಕೆಗಳ ನಡುವೆ ಹಾಯಿಸುತ್ತವೆ. ಪ್ರತಿ ಸ್ಕ್ರೂಗೂ ಒಂದು ಚೀಟಿ ಅಂಟಿಸಿದ ಡಬ್ಬಿ ಇಟ್ಟೆ. ಆಮೇಲೆ ಎಕ್ಸಾಸ್ಟ್, ಇನ್‌ಟೇಕ್ ಪೈಪ್, ಎರಡು ಪ್ಲಗ್, ರಾಕರ್ ಕವರ್. ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿದ್ದರೆ ಎರಡೂ ವಾಲ್ವ್ ಮುಚ್ಚಿರುತ್ತವೆ, ಪುಶ್‌ರಾಡ್‌ಗಳು ಸಲೀಸಾಗಿ ಹೊರಬರುತ್ತವೆ.

ಬುಡದ ನಟ್‌ಗಳು ಸಡಿಲವಾದ ಮೇಲೆ ಎಂಜಿನಿಯರ್ ಸಿಲಿಂಡರನ್ನು ನೇರವಾಗಿ ಎಳೆದರು, ನಾನು ಕೆಳಗೆ ಎರಡೂ ಅಂಗೈ ಒಡ್ಡಿ ಪಿಸ್ಟನ್ ಹಿಡಿದೆ. ಅದು ಜಾರಿ ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಡಿದರೆ ಒಂದು ಸಿಲಿಂಡರಿನ ಕೆಲಸ ಇಡೀ ಎಂಜಿನ್ನಿನ ಕೆಲಸವಾಗುತ್ತದೆ. ಪಿಸ್ಟನ್ ಬಿಡಿಸಿ ರಾಡಿಗೆ ರಬ್ಬರ್ ಪಟ್ಟಿ ಕಟ್ಟಿ ನಡುವಿನಲ್ಲಿ ನಿಲ್ಲಿಸಿದೆವು. ಇಲ್ಲಿಂದ ಕ್ರ್ಯಾಂಕ್ ತಿರುಗಿಸುವಂತಿಲ್ಲ. ಸಿಲಿಂಡರ್ ಹಿಡಿದಿಡುವ ಉದ್ದ ಸ್ಟಡ್‌ಗಳೇ ಕ್ರ್ಯಾಂಕಿನ ಬೇರಿಂಗ್‌ಗಳನ್ನೂ ಬಿಗಿಹಿಡಿದಿರುತ್ತವೆ; ಆ ಬಿಗಿ ಇಲ್ಲದಾಗ ತಿರುಗಿಸಿದರೆ ಬೇರಿಂಗ್ ಜಾಗ ಬಿಡಬಹುದು. ಹಾಗಾಗಿ ಖಾಲಿ ಜಾಗಕ್ಕೆ ಲೋಹದ ಪಟ್ಟಿ ಕೊಟ್ಟು ನಟ್ ಬಿಗಿದಿಟ್ಟರು. ಹ್ಯಾಂಗರಿಗೆ ಯಾರಾದರೂ ಬಂದು ಫ್ಯಾನಿನ ಮೇಲೆ ಕೈಯಿಟ್ಟಾರು ಎಂದು ನಾನೊಂದು ಕೆಂಪು ಬಟ್ಟೆಯನ್ನೂ ಕಟ್ಟಿದೆ.

ಸಿಲಿಂಡರ್ ತೆಗೆದ ತೂತಿನಿಂದ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಕಾಣುತ್ತದೆ. ಈ ಎಂಜಿನ್ನಿನಲ್ಲಿ ಅದು ಕ್ರ್ಯಾಂಕಿನ ಮೇಲ್ಗಡೆ ಇರುವುದರಿಂದ, ವಾರಗಟ್ಟಲೆ ಹಾರದೆ ನಿಲ್ಲಿಸಿದರೆ ಆಯಿಲ್ ಇಳಿದುಹೋಗಿ ತೇವಕ್ಕೆ ತುಕ್ಕು ಹಿಡಿಯುತ್ತದೆ. ಮೋಡದ ಕಾಲದಲ್ಲಿ ನಾನು ಎಷ್ಟು ಸಲ ಮೂರು ವಾರ ಹಾರದೆ ಕೂತಿಲ್ಲ! ಟಾರ್ಚ್ ಬೆಳಕಿನಲ್ಲಿ ಲೋಬ್‌ಗಳು ಕನ್ನಡಿಯಂತೆ ಹೊಳೆದಾಗ ಉಸಿರು ಹಗುರಾಯಿತು. ಆಯಿಲ್ ಫಿಲ್ಟರನ್ನೂ ಕತ್ತರಿಸಿ ಮಡಿಕೆ ಮಡಿಕೆ ಬಿಡಿಸಿ ನೋಡಿದೆವು. ಲೋಹದ ಚೂರಿಲ್ಲ.

ಗೈಡ್ ಯಾಕೆ ಸವೆಯಿತು? ಗಂಟೆಗಳ ಲೆಕ್ಕ ಒಂದು ಕಾರಣ. ಇನ್ನೊಂದು ನನ್ನದು ಎಂದು ನಂಬಿದ್ದೇನೆ. ಇಳಿದ ಮೇಲೆ ಎಂಜಿನ್ನನ್ನು 70–75%ನಲ್ಲಿ ಓಡಿಸುತ್ತಾ ಸಿಲಿಂಡರಿನ ಬಿಸಿ ಇಳಿಯುವವರೆಗೆ ಕಾಯಬೇಕು ಎಂದು ಕೈಪಿಡಿ ಹೇಳುತ್ತದೆ. ಮೋಡ ಇಳಿಯುತ್ತಿದ್ದ ಸಂಜೆಗಳಲ್ಲಿ ನಾನು ಅದನ್ನು ಮೊಟಕು ಮಾಡಿದ್ದುಂಟು. ಬಿಸಿಯಲ್ಲೇ ನಿಲ್ಲಿಸಿದರೆ ಆಯಿಲ್ ಗೈಡಿನೊಳಗೆ ಬೆಂದು ಕರಿಯಾಗಿ ಅಂಟುತ್ತದೆ, ವಾಲ್ವ್ ಬಿಗಿಯುತ್ತದೆ. ಈಗ ಟೈಮರ್ ಹಾಕಿಕೊಂಡೇ ಕಾಯುತ್ತೇನೆ.

ಜೋಡಿಸಿದ ದಿನ

ಸಿಲಿಂಡರ್ ವರ್ಕ್‌ಶಾಪಿನಿಂದ ಹೊಸ ಗೈಡ್, ಹೊಸ ಎಕ್ಸಾಸ್ಟ್ ವಾಲ್ವ್, ಉಜ್ಜಿದ ಸೀಟು, ಹೋನ್ ಮಾಡಿದ ಒಳಮೈ, ಹೊಸ ರಿಂಗ್‌ಗಳೊಂದಿಗೆ ವಾಪಸ್ ಬಂತು. ಹೈಡ್ರಾಲಿಕ್ ಟ್ಯಾಪೆಟ್‌ಗಳನ್ನು ಆಯಿಲ್ ಬಸಿದು ಒಣ ಮಾಡಿ, ವಾಲ್ವಿನ ಸಂದು ಅಳೆದರು. 0.028ರಿಂದ 0.080 ಇಂಚಿನೊಳಗೆ ಇರಬೇಕು, ನಮ್ಮದು 0.051. ಪುಶ್‌ರಾಡ್ ಬದಲಿಸಬೇಕಾಗಲಿಲ್ಲ.

ನಟ್ ಬಿಗಿಯುವಾಗ ಹ್ಯಾಂಗರಿನಲ್ಲಿ ಯಾರೂ ಮಾತಾಡಲಿಲ್ಲ. ಅರ್ಧ ಇಂಚಿನ ನಟ್‌ಗಳು ಮೊದಲು 300 ಇಂಚು-ಪೌಂಡು, ಆಮೇಲೆ 600. ಎಂಟನೇ ಮೂರು ಇಂಚಿನವು 300. ಉದ್ದ ಸ್ಟಡ್‌ಗಳಿಗೆ ಆಚೆ ಬದಿಯ ಸಿಲಿಂಡರಿನಲ್ಲೂ ನಟ್ ಇರುವುದರಿಂದ ಅಲ್ಲಿಯೂ ಬಿಗಿ ನೋಡಬೇಕು. ಅದನ್ನು ಮರೆತರೆ ಬಿಗಿದಂತೆ ಅಲ್ಲ. ನಾನು ಪುಸ್ತಕ ಹಿಡಿದು ಅಂಕಿ ಓದುತ್ತಿದ್ದೆ, ಅವರು ಬಿಗಿದು ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದರು.

ಹೊಸ ರಿಂಗ್ ಕೂರಲು ಮಿನರಲ್ ಆಯಿಲ್ ಬೇಕು, ಮೈಮುರಿಯುವ ದುಡಿಮೆ ಬೇಕು. ನೆಲದ ಮೇಲೆ ಹೆಚ್ಚು ಹೊತ್ತು ಓಡಿಸಬಾರದು, ಮೊದಮೊದಲು ಉದ್ದನೆಯ ಹೋವರ್ ಬೇಡ. ಕಣಿವೆಯ ಉದ್ದಕ್ಕೂ ಹೋಗಿ ಬಂದೆ, ಹೋಗಿ ಬಂದೆ, ಹತ್ತು ಗಂಟೆ. ಆಯಿಲ್ ಕುಡಿಯುವುದು ಮೊದಲು ಹೆಚ್ಚಿತ್ತು, ಎಂಟನೇ ಗಂಟೆಯ ಹೊತ್ತಿಗೆ ಸ್ಥಿರವಾಯಿತು.

ಮೀಟರ್ 1424.8

ಬೆಳಿಗ್ಗೆ ಮೇಲಿನ ಪ್ಯಾಡ್. ದಾರಿಯಲ್ಲಿ ಬೆಟ್ಟದ ಏಣನ್ನು ನೇರವಾಗಿ ದಾಟದೆ 45 ಡಿಗ್ರಿ ಓರೆಯಲ್ಲಿ ಸಮೀಪಿಸಿದೆ. ಆಚೆ ಬದಿಯ ಇಳಿಗಾಳಿ ಒತ್ತಿದರೆ ಅರ್ಧ ತಿರುವಿನಲ್ಲೇ ಕಣಿವೆಗೆ ಮರಳಬಹುದು. ಗಾಳಿ ಒರಟಾಗಿದ್ದರೆ ವೇಗ ಇಳಿಸುತ್ತೇನೆ, ಆದರೆ 60 ನಾಟ್‌ಗಿಂತ ಕೆಳಗಲ್ಲ. ಎರಡು ಬ್ಲೇಡಿನ ಈ ರೋಟರ್ ತಕ್ಕಡಿಯ ಹಾಗೆ ಓಲಾಡುವಂಥದ್ದು. ಸೀಟಿನಿಂದ ಮೈ ಹಗುರಾಗಿ ಎದ್ದಂತೆ ಅನಿಸಿದರೆ ಸೈಕ್ಲಿಕ್ಕನ್ನು (ರೋಟರನ್ನು ಬೇಕಾದ ದಿಕ್ಕಿಗೆ ವಾಲಿಸುವ ಹಿಡಿ) ಮೆಲ್ಲಗೆ ಹಿಂದಕ್ಕೆ ತಂದು ರೋಟರಿಗೆ ಮತ್ತೆ ಭಾರ ಹೊರಿಸಬೇಕು. ಪಕ್ಕಕ್ಕೆ ಎಳೆದು ಸರಿಮಾಡಲು ಹೋದರೆ ರೋಟರಿನ ನಡುಭಾಗವಾದ ಹಬ್ ಅದನ್ನು ಹೊತ್ತ ಕಂಬಕ್ಕೆ, ಮಾಸ್ಟಿಗೆ, ಬಡಿಯುತ್ತದೆ. ಇವತ್ತು ಹಾಗೇನೂ ಆಗಲಿಲ್ಲ.

ಪ್ಯಾಡಿನ ಮೇಲೆ ಒಂದು ಸುತ್ತು ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ. ಇಳಿಯಲು ಮನಸ್ಸು ಒಪ್ಪದಿದ್ದರೆ ಎಡಕ್ಕೆ ಕಣಿವೆಗೆ ಬೀಳುವ ದಾರಿ ಖಾಲಿ ಇದೆಯೇ ನೋಡಿಕೊಂಡೆ. ಆಮೇಲೆ ಎರಡಡಿಯ ಹೋವರ್, ಐದು ಸಲ. 20 ಡಿಗ್ರಿ.

20.5, 20.4, 20.5, 20.6, 20.5.

ಹೋದ ವರ್ಷಕ್ಕೂ ಈಗಕ್ಕೂ ಉಳಿದ ವ್ಯತ್ಯಾಸ ಮುಳ್ಳಿನ ದಪ್ಪ. ಇಬ್ಬರಿದ್ದಾಗ 22.2 ಬೇಕಾದೀತು, 0.8 ಕೈಯಲ್ಲಿ ಉಳಿದೀತು. ಅದೂ ನನಗೆ ಸಾಲದು. ಹೊತ್ತು ಹುಟ್ಟುವಾಗ ಇಲ್ಲಿ 12 ಡಿಗ್ರಿ ಇರುತ್ತದೆ, ಹಾಗಾಗಿ ಕರೆದೊಯ್ಯುವುದು ಆ ಹೊತ್ತಿಗೆ, ಟ್ಯಾಂಕ್ ಅರ್ಧದಷ್ಟೇ ತುಂಬಿಸಿ. ಮೊದಲು ಕೆಳಗೆ ಹ್ಯಾಂಗರಿನ ಹೊರಗೆ ಇಬ್ಬರೂ ಕೂತು ಹೋವರ್ ಅಳೆದು, ಅಂಕಿ ಒಪ್ಪಿದರೆ ಮಾತ್ರ ಏರುವುದು.

ಸಂಜೆ ಮತ್ತೆ ಕಂಪ್ರೆಷನ್ ನೋಡಿದೆವು. 76, 75, 74, 77. ಹೊಸ ರಿಂಗ್ ಇನ್ನೂ ಕೂರುತ್ತಿದೆ ಎಂದರು ಎಂಜಿನಿಯರ್. ಮುಂದಿನ ಪರೀಕ್ಷೆ 1440ಕ್ಕೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಬ್ಲೇಡ್ ತೊಳೆಯುವುದು ನನ್ನ ಕೆಲಸ.